ಅಶ್ವಗಂಧದ ಕ್ಯಾಪ್ಸೂಲು ಮತ್ತು ಟಿಎಸ್‌ಎಚ್ ವರದಿ

ಫಾರ್ಮಸಿ ಕಾಲೇಜಿನಲ್ಲಿ ಔಷಧಿ ಸಸ್ಯಗಳ ಪಾಠ ಹೇಳುವವರಿಗೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿಯೂ ಬಿಡುವಿರುವುದಿಲ್ಲ. ಎಲೆಗೆ ಪಲ್ಯ ಬೀಳುವಷ್ಟರಲ್ಲಿ ಪಕ್ಕದಲ್ಲಿ ಕುಳಿತವರು ತಮ್ಮ ಕಾಯಿಲೆಯನ್ನೂ ಅದಕ್ಕೆ ಯಾರೋ ಸೂಚಿಸಿದ ಬೇರನ್ನೂ ಒಟ್ಟಿಗೇ ಮುಂದಿಡುತ್ತಾರೆ. ಈಚಿನ ಕೆಲವು ವರ್ಷಗಳಿಂದ ಹೀಗೆ ಬರುವ ಪ್ರಶ್ನೆಗಳಲ್ಲಿ ಒಂದು ಬಹುತೇಕ ಸ್ಥಿರವಾಗಿಬಿಟ್ಟಿದೆ: ಥೈರಾಯ್ಡ್ ಇರುವವರು ಅಶ್ವಗಂಧ ತೆಗೆದುಕೊಳ್ಳಬಹುದೇ? ನಮ್ಮ ಅತ್ತಿಗೆ ಕೂಡ ಕಳೆದ ತಿಂಗಳು ಇದನ್ನೇ ಕೇಳಿದರು. ಕೇಳುವ ಹೊತ್ತಿಗೆ ಬಾಟಲಿಯಲ್ಲಿ ಅರ್ಧ ಖಾಲಿಯಾಗಿತ್ತು ಎಂಬುದು ಬೇರೆ ಮಾತು. ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವವರನ್ನು ನಾನು ನಂಬುವುದಿಲ್ಲ. ಏಕೆಂದರೆ ಅದರೊಳಗೆ ಯಾವ ಅಶ್ವಗಂಧ, ಯಾರ ಥೈರಾಯ್ಡ್ ಎಂಬ ಎರಡು ಪ್ರಶ್ನೆಗಳಿದ್ದು, ಅವೆರಡೂ ಇತ್ಯರ್ಥವಾಗದೆ ಮುಂದಕ್ಕೆ ಹೋಗುವಂತಿಲ್ಲ.

ಪ್ರಶ್ನೆ ಇಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಕಾರಣವಿದೆ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ. 11ರಷ್ಟು ಜನರಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಮಾತ್ರೆಯನ್ನು ಬದುಕಿಡೀ ನುಂಗಬೇಕೆಂದು ವೈದ್ಯರು ಹೇಳಿದಾಗ, ಅದನ್ನು ಬಿಡಿಸುವ ಬೇರೊಂದು ಎಲ್ಲಾದರೂ ಇದ್ದೀತೇ ಎಂದು ಹುಡುಕುವುದು ಸಹಜವೇ ಆಗಿದೆ. ಆ ಹುಡುಕಾಟವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಜೊತೆಗೂ ನನ್ನ ತಕರಾರಿದೆ, ಯಾಕೆಂದರೆ ಅಶ್ವಗಂಧಕ್ಕೆ ಥೈರಾಯ್ಡ್ ಮೇಲೆ ನಿಜವಾಗಿಯೂ ಪರಿಣಾಮವಿದೆ. ತೊಂದರೆಯ ಮೂಲವೂ ಅದೇ.

ಈ ಪರಿಣಾಮವನ್ನು ಮೊದಲು ಕಂಡವರಲ್ಲಿ ಇಂದೋರಿನ ದೇವಿ ಅಹಲ್ಯಾ ವಿಶ್ವವಿದ್ಯಾಲಯದ ಪಾಂಡಾ ಮತ್ತು ಕರ್ ಎಂಬ ಸಂಶೋಧಕರು ಮುಖ್ಯರು. 1990ರ ದಶಕದ ಕೊನೆಯಲ್ಲಿ ಅವರು ಇಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು ಕೊಟ್ಟು, ರಕ್ತದಲ್ಲಿ ಥೈರಾಯ್ಡ್ ಗ್ರಂಥಿಯ ಟಿ4 ಹಾರ್ಮೋನು ಏರುವುದನ್ನು ದಾಖಲಿಸಿದರು. ಮನುಷ್ಯರ ಮೇಲಿನ ಮುಖ್ಯ ಪ್ರಯೋಗ ಬಂದದ್ದು ಇಪ್ಪತ್ತು ವರ್ಷಗಳ ತರುವಾಯ, 2018ರಲ್ಲಿ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು; ಥೈರಾಯ್ಡ್ ಕೊರತೆಯಾದಾಗ ಅದು ಏರುತ್ತದೆ. ಟಿಎಸ್‌ಎಚ್ 4.5ರಿಂದ 10ರ ನಡುವೆ ಇದ್ದ, ಅಂದರೆ ಕೊರತೆಯ ಹೊಸ್ತಿಲಲ್ಲಿದ್ದ 50 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರವನ್ನೂ ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿಗುಳಿಗೆಯನ್ನೂ ಎಂಟು ವಾರ ಕೊಟ್ಟರು. ಸಾರ ತೆಗೆದುಕೊಂಡವರಲ್ಲಿ ಟಿಎಸ್‌ಎಚ್ ಇಳಿಯಿತು, ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ3 ಮತ್ತು ಟಿ4 ಏರಿದವು. ಅಂತರ್ಜಾಲದಲ್ಲಿ ‘ಅಶ್ವಗಂಧದಿಂದ ಥೈರಾಯ್ಡ್ ಗುಣವಾಗುತ್ತದೆ’ ಎಂದು ಹರಿದಾಡುವ ಸಂದೇಶಗಳನ್ನು ಕೆದಕುತ್ತ ಹೋದರೆ ಹೆಚ್ಚಿನವು ಈ ಒಂದೇ ಪ್ರಯೋಗಕ್ಕೆ ಬಂದು ನಿಲ್ಲುತ್ತವೆ.

ಪ್ರಯೋಗವನ್ನು ಅದು ಹೇಳಿದ್ದಕ್ಕಿಂತ ಹೆಚ್ಚಿಗೆ ಓದಬಾರದು. ಐವತ್ತು ಜನ, ಎಂಟು ವಾರ. ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ, ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಇಷ್ಟರಿಂದ ತಿಳಿಯುವುದಿಲ್ಲ. ಹೊಸ್ತಿಲಲ್ಲಿರುವ ಟಿಎಸ್‌ಎಚ್ ಏನೂ ಮಾಡದೆಯೇ ಎಷ್ಟೋ ಜನರಲ್ಲಿ ಮರುಪರೀಕ್ಷೆಯ ಹೊತ್ತಿಗೆ ಸರಿಹೋಗಿರುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಅದು ರಾತ್ರಿ ಮತ್ತು ನಸುಕಿನಲ್ಲಿ ಏರಿ ಮಧ್ಯಾಹ್ನದ ಕಡೆಗೆ ಇಳಿಯುವ ಸ್ವಭಾವದ್ದಾದ್ದರಿಂದ, ಒಮ್ಮೆ ಬೆಳಿಗ್ಗೆ ಏಳಕ್ಕೂ ಇನ್ನೊಮ್ಮೆ ಮಧ್ಯಾಹ್ನ ಎರಡಕ್ಕೂ ರಕ್ತ ಕೊಟ್ಟವರ ವರದಿಯಲ್ಲಿ ಕಾಣುವ ‘ಸುಧಾರಣೆ’ ಗಡಿಯಾರದ್ದೇ ಆಗಿರಬಹುದು. ಮೇಲಿನ ಪ್ರಯೋಗಕ್ಕೆ ಹುಸಿಗುಳಿಗೆಯ ಗುಂಪಿತ್ತು, ಆದ್ದರಿಂದ ಅದರ ಫಲಿತಾಂಶಕ್ಕೆ ಬೆಲೆ ಇದೆ. ನಮ್ಮ ನೆಂಟರಿಷ್ಟರ ವಾಟ್ಸಾಪ್ ಅನುಭವಗಳಿಗೆ ಆ ಗುಂಪಿರುವುದಿಲ್ಲ.

ಈಗ ಅದೇ ಫಲಿತಾಂಶವನ್ನು ಇನ್ನೊಂದು ಬದಿಯಿಂದ ನೋಡಿ. ಹಾರ್ಮೋನು ಕಡಿಮೆಯಿರುವವರಲ್ಲಿ ಅದನ್ನು ಏರಿಸಬಲ್ಲ ವಸ್ತು, ಸರಿಯಾಗಿರುವವರಲ್ಲಿ ಅಥವಾ ಈಗಾಗಲೇ ಹೆಚ್ಚಿರುವವರಲ್ಲಿ ಅದನ್ನು ಏರಿಸದೆ ಬಿಡುತ್ತದೆ ಎಂದು ನಂಬುವುದಕ್ಕೆ ಯಾವ ಆಧಾರವಿದೆ? ‘ಗಿಡಮೂಲಿಕೆ ದೇಹಕ್ಕೆ ಬೇಕಾದಷ್ಟನ್ನೇ ಕೊಡುತ್ತದೆ’ ಎಂಬ ಮಾತನ್ನು ನಾನು ನೂರು ಬಾಯಲ್ಲಿ ಕೇಳಿದ್ದೇನೆ, ಆದರೆ ವೈದ್ಯಕೀಯ ಸಾಹಿತ್ಯದಲ್ಲಿರುವ ಪ್ರಕರಣಗಳು ಹಾಗೆ ಹೇಳುವುದಿಲ್ಲ. 2005ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯರು, ಅಶ್ವಗಂಧದ ಕ್ಯಾಪ್ಸೂಲು ಸೇವಿಸುತ್ತಿದ್ದ 32 ವರ್ಷದ ಆರೋಗ್ಯವಂತ ಹೆಂಗಸಿನಲ್ಲಿ ಥೈರಾಯ್ಡ್ ಹಾರ್ಮೋನು ಮಿತಿಮೀರಿದ ಸ್ಥಿತಿಯನ್ನು ವರದಿ ಮಾಡಿದರು. ಕ್ಯಾಪ್ಸೂಲು ನಿಲ್ಲಿಸಿದ ಮೇಲೆ ಅದು ಸರಿಹೋಯಿತು. 2022ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಇದೇ ಕಾರಣಕ್ಕೆ ಎದೆಬಡಿತ ವಿಪರೀತ ಏರಿ ಆಸ್ಪತ್ರೆ ಸೇರಿದ್ದರು. ಇಂಥ ಪ್ರಕರಣಗಳು ಸಂಖ್ಯೆಯಲ್ಲಿ ಕಡಿಮೆ, ನಿಜ. ಆದರೆ ವಯಸ್ಸಾದವರಲ್ಲಿ ಹಾರ್ಮೋನು ಹೆಚ್ಚಾದರೆ ಹೃದಯದ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ ಎಂಬುದು ಸಂಶಯಕ್ಕೆಡೆಯಿಲ್ಲದ ಸಂಗತಿಯಾದ್ದರಿಂದ, ಅಪರೂಪವೆಂದು ಪಕ್ಕಕ್ಕಿಡುವಂತಿಲ್ಲ.

ಹೀಗಿರುವಾಗ ‘ಯಾರ ಥೈರಾಯ್ಡ್’ ಎಂಬುದು ಕೇಳಲೇಬೇಕಾದ ಪ್ರಶ್ನೆಯಾಗುತ್ತದೆ. ಹೊಸ್ತಿಲಲ್ಲಿದ್ದು ಮಾತ್ರೆ ಇನ್ನೂ ಶುರುಮಾಡದವರ ಸ್ಥಿತಿಯೇ ಬೇರೆ. ಕೊರತೆ ತುಂಬಲು ಕೊಡುವ ಟಿ4 ಹಾರ್ಮೋನಿನದೇ ಆದ ಲೆವೊಥೈರಾಕ್ಸಿನ್ ಮಾತ್ರೆಯ ಪ್ರಮಾಣ ಸರಿಹೊಂದಿ ಟಿಎಸ್‌ಎಚ್ ಸ್ಥಿರವಾಗಿರುವವರು ಅದರ ಮೇಲೆ ಅಶ್ವಗಂಧವನ್ನೂ ಸೇರಿಸಿದರೆ, ತೂಗಿಟ್ಟ ತಕ್ಕಡಿಗೆ ತೂಕ ಗೊತ್ತಿಲ್ಲದ ಕಲ್ಲೊಂದನ್ನು ಹಾಕಿದಂತೆ. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ಪೂರ್ತಿ ತೆಗೆಸಿಕೊಂಡವರಿಗೆ, ಗ್ರಂಥಿಯನ್ನು ಉತ್ತೇಜಿಸುವ ಬೇರಿನಿಂದ ಆಗಬೇಕಾದದ್ದು ಏನೂ ಇಲ್ಲ. ಥೈರಾಯ್ಡ್ ಹಾರ್ಮೋನು ಹೆಚ್ಚಾಗುವ ಗ್ರೇವ್ಸ್ ಕಾಯಿಲೆಯಿದ್ದು ಅದನ್ನು ತಗ್ಗಿಸುವ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿರುವವರು ಅಶ್ವಗಂಧದ ಗೊಡವೆಗೇ ಹೋಗಬಾರದು ಎಂದು ಅನುಮಾನವಿಲ್ಲದೆ ಹೇಳಬಲ್ಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಕೆಡಿಸುವ ಹಶಿಮೊಟೊ ಕಾಯಿಲೆಯವರಲ್ಲಿ ಇನ್ನೊಂದು ತೊಡಕಿದೆ: ಗ್ರಂಥಿಗೆ ಉರಿಯೂತ ಬಂದ ಕೆಲವರಲ್ಲಿ ಒಳಗೆ ಸಂಗ್ರಹವಾಗಿದ್ದ ಹಾರ್ಮೋನು ಒಮ್ಮೆಲೇ ಸೋರಿ, ಕೆಲವು ವಾರ ಹೆಚ್ಚಳದ ಲಕ್ಷಣ ಕಂಡು, ಆಮೇಲೆ ಕೊರತೆಗೆ ಇಳಿಯುತ್ತದೆ. ಆ ಸೋರಿಕೆಯ ವಾರಗಳಲ್ಲಿ ಟಿಎಸ್‌ಎಚ್ ಇಳಿದದ್ದನ್ನು ಕಂಡು ‘ಬೇರು ಕೆಲಸ ಮಾಡಿತು’ ಎಂದು ಸಂಭ್ರಮಿಸಿ ಮಾತ್ರೆ ಬಿಡುವವರು ಇದ್ದಾರೆ. ಗರ್ಭಿಣಿಯರ ವಿಷಯದಲ್ಲಂತೂ ಅಶ್ವಗಂಧದ ಸಾರ ಬೇಡವೆಂದೇ ಅಂತರರಾಷ್ಟ್ರೀಯ ಸಲಹೆಗಳು ಹೇಳುತ್ತವೆ. ಮಗುವಿನ ಮಿದುಳಿನ ಬೆಳವಣಿಗೆ ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುವುದರಿಂದ, ಅಲ್ಲಿ ಏರುಪೇರಿನ ಪ್ರಯೋಗಕ್ಕೆ ಅವಕಾಶವಿಲ್ಲ.

ಇನ್ನು ‘ಯಾವ ಅಶ್ವಗಂಧ’ ಎಂಬುದು. ನನ್ನ ವೃತ್ತಿಗೆ ಹತ್ತಿರವಾದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಇದು ಬದನೆ, ಟೊಮೆಟೊ, ಆಲೂಗಡ್ಡೆಗಳ ಕುಟುಂಬಕ್ಕೇ ಸೇರಿದ ಸಣ್ಣ ಪೊದೆ. ನಮ್ಮ ಹಳ್ಳಿಗಳಲ್ಲಿ ಹಿರೇಮದ್ದಿನ ಗಿಡವೆಂದು ಕರೆಯುವುದುಂಟು. ವ್ಯಾಪಾರದ ಬೇರು ಹೆಚ್ಚಾಗಿ ಬರುವುದು ಮಧ್ಯಪ್ರದೇಶದ ನೀಮಚ್ ಮತ್ತು ಮಂದಸೌರ್ ಕಡೆಯಿಂದ. ಗಿಡಮೂಲಿಕೆಯ ಅಂಗಡಿಯಲ್ಲಿ ಸಿಗುವ ಒಣಬೇರನ್ನು ಮುರಿದರೆ ಒಳಗೆ ಬಿಳಿಯಾಗಿ, ಹಿಟ್ಟುಹಿಟ್ಟಾಗಿರುತ್ತದೆ. ಆಯುರ್ವೇದದಲ್ಲಿ ಬಳಕೆಯಲ್ಲಿರುವುದು ಬಹುಮಟ್ಟಿಗೆ ಈ ಬೇರಿನ ಪುಡಿ; ಔಷಧಿಗಳ ಗುಣಮಟ್ಟ ನಿಗದಿಪಡಿಸುವ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೊಪಿಯಾ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಕ್ಯಾಪ್ಸೂಲಿನಲ್ಲಿರುವುದು ಈ ಪುಡಿಯಲ್ಲ. ಬೇರನ್ನು ನೀರಿನಲ್ಲೋ ನೀರು ಬೆರೆತ ಆಲ್ಕೊಹಾಲಿನಲ್ಲೋ ಕುದಿಸಿ, ಸೋಸಿ, ದ್ರಾವಕವನ್ನು ಆವಿ ಮಾಡಿ, ಉಳಿದ ಅಂಟಾದ ಸಾರವನ್ನು ಮಾಲ್ಟೊಡೆಕ್ಸ್‌ಟ್ರಿನ್‌ನಂತಹ ಪುಡಿಯ ಜೊತೆ ಒಣಗಿಸಿ ತುಂಬಿರುತ್ತಾರೆ. ಯಾವ ದ್ರಾವಕ ಬಳಸಿದರೆಂಬುದರ ಮೇಲೆ ಒಳಗೆ ಬರುವ ರಾಸಾಯನಿಕಗಳ ಗುಂಪೇ ಬದಲಾಗುತ್ತದೆ: ನೀರಿಗೆ ಬರುವುದೇ ಒಂದು, ಆಲ್ಕೊಹಾಲಿಗೆ ಬರುವುದೇ ಇನ್ನೊಂದು.

ಲೇಬಲ್ಲಿನ ಮೇಲೆ ‘ವಿಥನೊಲೈಡ್ ಶೇ. 5’ ಎಂದೋ ‘ಶೇ. 35’ ಎಂದೋ ಇರುತ್ತದೆ. ವಿಥನೊಲೈಡ್‌ಗಳು ಈ ಗಿಡದ ಮುಖ್ಯ ರಾಸಾಯನಿಕಗಳು. ಸಾಮಾನ್ಯ ಬೇರಿನಲ್ಲಿ ಅವು ಶೇ. 1ಕ್ಕಿಂತ ಸಾಕಷ್ಟು ಕಡಿಮೆ. ಲೆಕ್ಕ ಹಾಕಿದರೆ ಶೇ. 5ರ ಸಾರ 600 ಮಿಲಿಗ್ರಾಮಿನಲ್ಲಿ 30 ಮಿಲಿಗ್ರಾಂ ಸಿಗುತ್ತದೆ. ಐದಾರು ಗ್ರಾಂ ಪುಡಿಯಲ್ಲಿ ಸಿಗುವುದಕ್ಕಿಂತ ಇದು ಭಾರೀ ಹೆಚ್ಚೇನಲ್ಲ ಎಂದು ಒಪ್ಪಿಕೊಳ್ಳಬೇಕು. ವ್ಯತ್ಯಾಸವಿರುವುದು ಬೇರೆ ಕಡೆ. ಐದು ಗ್ರಾಂ ಬೇರಿನ ಪುಡಿಯ ಕಹಿಯನ್ನು ಹಾಲಿನಲ್ಲಿ ಕಲಸಿ ದಿನವೂ ನುಂಗುವವರು ತಾವಾಗಿಯೇ ಪ್ರಮಾಣ ಮೀರುವುದು ಕಷ್ಟ. ಕ್ಯಾಪ್ಸೂಲಿಗೆ ರುಚಿಯಿಲ್ಲ, ಒಂದು ಎರಡಾಗುವುದಕ್ಕೆ ತಡೆಯೇ ಇಲ್ಲ. ಮೇಲಾಗಿ ಆ ಶೇಕಡಾವಾರನ್ನು ಅಳೆದ ವಿಧಾನ ಯಾವುದೆಂದು ಲೇಬಲ್ ಸಾಮಾನ್ಯವಾಗಿ ಹೇಳುವುದಿಲ್ಲ. ಒಟ್ಟು ತೂಕ ಹಿಡಿಯುವ ಹಳೆಯ ವಿಧಾನದಲ್ಲಿ ಬರುವ ಸಂಖ್ಯೆ, ಒಂದೊಂದು ಅಂಶವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬರುವುದಕ್ಕಿಂತ ದೊಡ್ಡದಿರುತ್ತದೆ. ಎರಡು ಬಾಟಲಿಗಳ ‘ಶೇ. 5’ ಒಂದೇ ಆಗಿರಬೇಕೆಂದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಎಲೆಯ ಬೆರಕೆ. ಬೇರು ಬೇಕೆಂದರೆ ಗಿಡ ಕೀಳಬೇಕು, ತೊಳೆಯಬೇಕು, ವಿಂಗಡಿಸಬೇಕು. ಎಲೆಯಾದರೆ ಅಗ್ಗ, ಜೊತೆಗೆ ವಿಥನೊಲೈಡ್ ಪ್ರಮಾಣವೂ ಅದರಲ್ಲಿ ಹೆಚ್ಚು. ಆದರೆ ಎಲೆಯಲ್ಲಿ ವಿಥಫೆರಿನ್-ಎ ಎಂಬ, ಜೀವಕೋಶಗಳಿಗೆ ವಿಷಕಾರಿಯಾಗಬಲ್ಲ ಅಂಶವೂ ಬೇರಿಗಿಂತ ಹೆಚ್ಚು. ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಬೇರಿನ ಸಾರವನ್ನೂ ಎಲೆಯ ಸಾರವನ್ನೂ ಒಂದೇ ಸಿಲಿಕಾ ತಟ್ಟೆಯ ಮೇಲೆ ಅಕ್ಕಪಕ್ಕ ಚುಕ್ಕೆಯಿಡಿಸಿ, ಒಳಗಿನ ಅಂಶಗಳು ಬೇರ್ಪಡುವಂತೆ ದ್ರಾವಕದಲ್ಲಿ ಓಡಿಸುತ್ತೇವೆ. ತಟ್ಟೆಗೆ ಆಮ್ಲದ ದ್ರಾವಣ ಸಿಂಪಡಿಸಿ ಬಿಸಿ ಮಾಡಿದಾಗ ಎರಡು ಸಾಲುಗಳಲ್ಲಿಯೂ ಬಣ್ಣದ ಪಟ್ಟಿಗಳು ಮೂಡುತ್ತವೆ, ಆದರೆ ವಿಥಫೆರಿನ್ ಇರುವ ಜಾಗದಲ್ಲಿ ಎಲೆಯ ಪಟ್ಟಿ ಎದ್ದು ಕಾಣುವಷ್ಟು ಗಾಢವಾಗಿರುತ್ತದೆ. ಬರಿಗಣ್ಣಿಗೆ ಕಾಣುವ ಈ ವ್ಯತ್ಯಾಸ ಕ್ಯಾಪ್ಸೂಲು ಕೊಳ್ಳುವವರಿಗೆ ಕಾಣುವ ಹಾಗಿಲ್ಲ. ಆಯುಷ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಅಶ್ವಗಂಧದ ಎಲೆಯನ್ನು ಬಳಸದಿರುವಂತೆ ತಯಾರಕರಿಗೆ ಸಲಹೆ ಹೊರಡಿಸಿದ್ದು ಈ ಹಿನ್ನೆಲೆಯಲ್ಲಿಯೇ. ಆದ್ದರಿಂದ ಕೊಳ್ಳುವವರು ‘ಬೇರಿನ ಸಾರ’ ಎಂದು ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಬೇಕು. ಬರೀ ‘ಅಶ್ವಗಂಧ ಸಾರ’ ಎಂದಿದ್ದರೆ ನಾನಾದರೆ ಕೊಳ್ಳುವುದಿಲ್ಲ.

ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿದಾಗ ನಮ್ಮಲ್ಲಿ ಎರಡು ಬಗೆಯ ಕೂಗು ಎದ್ದಿತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ 2020ರಲ್ಲಿ ಸಲ್ಲಿಸಿದ್ದ ವರದಿಯಲ್ಲಿ ಥೈರಾಯ್ಡ್ ಹಾಗೂ ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮ ಮತ್ತು ಗರ್ಭಪಾತದ ಸಾಧ್ಯತೆಯನ್ನು ಪ್ರಸ್ತಾಪಿಸಲಾಗಿತ್ತು. ಇದು ಆಯುರ್ವೇದದ ವಿರುದ್ಧದ ಪಿತೂರಿ ಎಂದವರೂ ಇದ್ದರು, ಅಶ್ವಗಂಧ ವಿಷವೆಂದು ಸಾಬೀತಾಯಿತು ಎಂದವರೂ ಇದ್ದರು. ನನ್ನ ಅಭಿಪ್ರಾಯದಲ್ಲಿ ಬೇರು, ಎಲೆ, ಪುಡಿ, ಸಾರ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ ಆ ನಿಷೇಧ ಅತಿಯಾಯಿತು. ಆದರೆ ಹಾರ್ಮೋನಿನ ಮೇಲೆ ಪರಿಣಾಮವಿದೆ ಎಂಬ ಅದರ ಮುಖ್ಯ ಮಾತು, ನಾವೇ ಹೆಮ್ಮೆಯಿಂದ ತೋರಿಸುವ ನಮ್ಮ ಪ್ರಯೋಗಗಳಿಂದಲೇ ಬಂದದ್ದು. ಲಾಭವನ್ನು ಹೇಳುವಾಗ ಒಪ್ಪಿ, ಹಾನಿಯನ್ನು ಹೇಳುವಾಗ ಅದೇ ಪ್ರಯೋಗವನ್ನು ಅಲ್ಲಗಳೆಯಲು ಬರುವುದಿಲ್ಲ.

ಅಶ್ವಗಂಧದ ಮಾತನ್ನು ಇಷ್ಟು ಆಡಿದ ಮೇಲೆ ಗುಗ್ಗುಲು ಎಂಬ ಮರದಂಟಿನ ವಿಷಯವನ್ನು ಬಿಡುವಂತಿಲ್ಲ. ಗಲಗಂಡವನ್ನು, ಅಂದರೆ ಥೈರಾಯ್ಡ್ ಊದಿ ಕತ್ತು ಉಬ್ಬುವುದನ್ನು ಸುಶ್ರುತ ಸಂಹಿತೆ ವರ್ಣಿಸುತ್ತದೆ. ಕತ್ತಿನ ಗಡ್ಡೆಗಳಿಗೆ ಕಾಂಚನಾರ ಗುಗ್ಗುಲು ಕೊಡುವುದು ಇಂದಿಗೂ ವೈದ್ಯರ ರೂಢಿ. ಗುಗ್ಗುಲುವಿನ ಗುಗ್ಗುಲ್‌ಸ್ಟೆರೋನ್ ಎಂಬ ಅಂಶ ಇಲಿಗಳ ಥೈರಾಯ್ಡನ್ನು ಉತ್ತೇಜಿಸುತ್ತದೆಂದು 1980ರ ದಶಕದಲ್ಲಿಯೇ ಪ್ರಯೋಗಗಳು ತೋರಿಸಿದ್ದವು. ಆದರೆ ಇಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇನ್ನೊಂದು ಸಂಗತಿ. ಗುಗ್ಗುಲುವಿನ ಶುದ್ಧೀಕರಿಸಿದ ಸಾರವನ್ನು ಜೊತೆಯಲ್ಲಿ ಕೊಟ್ಟಾಗ ಪ್ರೊಪ್ರನೊಲಾಲ್ ಮತ್ತು ಡಿಲ್ಟಿಯಾಜೆಮ್ ಎಂಬ ಹೃದಯದ ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣ ಕುಗ್ಗುತ್ತದೆಂದು 1994ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಕಂಡುಕೊಂಡಿತು. ಥೈರಾಯ್ಡ್ ಹೆಚ್ಚಾದವರಿಗೆ ಎದೆಬಡಿತ, ಕೈನಡುಕ ತಗ್ಗಿಸಲು ಕೊಡುವುದು ಇದೇ ಪ್ರೊಪ್ರನೊಲಾಲ್. ಅಂಥವರು ‘ಥೈರಾಯ್ಡ್‌ಗೆ ಒಳ್ಳೆಯದು’ ಎಂದು ಗುಗ್ಗುಲು ಸೇರಿಸಿಕೊಂಡರೆ ಒಂದು ಕಡೆ ಗ್ರಂಥಿ ಕೆರಳಬಹುದು, ಇನ್ನೊಂದು ಕಡೆ ಅದನ್ನು ತಡೆಯುವ ಮಾತ್ರೆ ಸಪ್ಪೆಯಾಗಬಹುದು.

ಎಲ್ಲ ಸಸ್ಯಗಳೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ ಎಂಬುದನ್ನೂ ಇಂದೋರಿನ ಪ್ರಯೋಗಾಲಯವೇ ತೋರಿಸಿತು. ಅಲ್ಲಿನ ಇಲಿಗಳಲ್ಲಿ ತುಳಸಿ ಎಲೆಯ ಸಾರ ಟಿ4 ಅನ್ನು ಇಳಿಸಿತು; ಬಿಲ್ವಪತ್ರೆ, ಲೋಳೆಸರ ಮತ್ತು ನುಗ್ಗೆಸೊಪ್ಪಿನ ಸಾರಗಳು ಟಿ3 ಅನ್ನು ಇಳಿಸಿದವು; ನೀರುಬ್ರಾಹ್ಮಿಯ ಸಾರ ಟಿ4 ಅನ್ನು ಸುಮಾರು ಶೇ. 41ರಷ್ಟು ಏರಿಸಿತು. ಇದನ್ನು ಓದಿ ಯಾರೂ ನುಗ್ಗೆಸೊಪ್ಪಿನ ಪಲ್ಯ ಬಿಡಬೇಕಾಗಿಲ್ಲ, ದೇವರ ತೀರ್ಥದ ತುಳಸಿಗೆ ಹೆದರಬೇಕಾಗಿಯೂ ಇಲ್ಲ. ಇಲಿಗಳಿಗೆ ಅವುಗಳ ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚಿನ ಪ್ರಮಾಣದ ಸಾರವನ್ನು ದಿನವೂ ಕೊಡಲಾಗಿತ್ತು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬ್ರಾಹ್ಮಿಯೆಂದು ತಂಬುಳಿ ಮಾಡುವ ಒಂದೆಲಗವಂತೂ ಈ ನೀರುಬ್ರಾಹ್ಮಿಯೇ ಅಲ್ಲ, ಬೇರೆ ಕುಟುಂಬದ ಗಿಡ. ಆದರೆ ತುಳಸಿ, ನುಗ್ಗೆ, ಬ್ರಾಹ್ಮಿ, ಅಶ್ವಗಂಧ, ಗುಗ್ಗುಲು ಐದನ್ನೂ ಸಾರರೂಪದಲ್ಲಿ ಒಂದೇ ಕ್ಯಾಪ್ಸೂಲಿಗೆ ತುಂಬಿ ‘ಥೈರಾಯ್ಡ್ ಸಮತೋಲನ’ ಎಂದು ಮಾರುವವರು, ಯಾವುದು ಎತ್ತ ಎಳೆಯುತ್ತದೆಂದು ಲೆಕ್ಕ ಹಾಕಿಯೇ ತುಂಬಿದ್ದಾರೆಂದು ನಂಬಲು ನನಗೆ ಸಾಧ್ಯವಾಗಿಲ್ಲ.

ಇದಕ್ಕೂ ಕೆಟ್ಟದ್ದೆಂದರೆ ಸಸ್ಯದ ಹೆಸರಿನಲ್ಲಿ ಹಾರ್ಮೋನನ್ನೇ ಮಾರುವುದು. ಅಮೆರಿಕದಲ್ಲಿ ಥೈರಾಯ್ಡ್ ಆರೋಗ್ಯಕ್ಕೆಂದು ಮಾರಾಟವಾಗುತ್ತಿದ್ದ ಹತ್ತು ಪೂರಕಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತರಲ್ಲಿ ಟಿ3 ಮತ್ತು ಐದರಲ್ಲಿ ಟಿ4 ಪತ್ತೆಯಾದವು. ಸೂಚಿಸಿದ ಪ್ರಮಾಣದಲ್ಲಿ ನುಂಗಿದರೆ ಒಂದರಿಂದ ದಿನಕ್ಕೆ 90 ಮೈಕ್ರೊಗ್ರಾಮಿಗೂ ಹೆಚ್ಚು ಟಿ4 ದೇಹ ಸೇರುತ್ತಿತ್ತು. ನಮ್ಮ ಅತ್ತಿಗೆ ದಿನವೂ ನುಂಗುವ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿರುವುದು 75 ಮೈಕ್ರೊಗ್ರಾಂ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಡಬ್ಬಿಗಳ ಬಗ್ಗೆ ಹಿರಿಯರು ಹುಷಾರಾಗಿರಬೇಕೆಂದು ನಾನು ಹೇಳುವುದು ಇದಕ್ಕೇ.

ಹಾರ್ಮೋನನ್ನು ಏರಿಸದೆ ಇಳಿಸದೆ, ಬರೀ ವರದಿಯನ್ನು ಕೆಡಿಸುವ ವಸ್ತುಗಳೂ ಇವೆ. ಕೂದಲು ಉದುರುತ್ತದೆಂದು ತೆಗೆದುಕೊಳ್ಳುವ, ಗಿಡಮೂಲಿಕೆಯೆಂದೇ ಹೆಸರಾದ ಎಷ್ಟೋ ಗುಳಿಗೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಬೆರೆಸಿರುತ್ತಾರೆ. ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ರಕ್ತದಲ್ಲಿನ ಹೆಚ್ಚುವರಿ ಬಯೋಟಿನ್ ಅಡ್ಡಬಂದು, ಟಿಎಸ್‌ಎಚ್ ಕಡಿಮೆಯೆಂದೂ ಟಿ4 ಹೆಚ್ಚೆಂದೂ ತಪ್ಪು ತೋರಿಸುತ್ತದೆ. ಥೈರಾಯ್ಡ್ ಕೊರತೆಯಲ್ಲಿ ಕೂದಲು ಉದುರುವುದೂ ಒಂದು ಲಕ್ಷಣವಾದ್ದರಿಂದ ಈ ಗುಳಿಗೆ ನುಂಗುವವರೂ ಟಿಎಸ್‌ಎಚ್ ಮಾಡಿಸುವವರೂ ಅನೇಕ ಸಲ ಒಬ್ಬರೇ ಆಗಿರುತ್ತಾರೆ. ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು. ಹಾಗೆಯೇ ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯ ಮಾತ್ರೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಅದರ ಹೀರುವಿಕೆಯನ್ನು ತಡೆಯುತ್ತವೆಯೆಂದು ನಾಲ್ಕು ಗಂಟೆ ಅಂತರವಿಡಲು ಹೇಳುತ್ತಾರೆ. ಶಂಖಭಸ್ಮ, ಪ್ರವಾಳಭಸ್ಮಗಳು ಕ್ಯಾಲ್ಸಿಯಂ ಆಗಿದ್ದು, ಲೋಹಭಸ್ಮ, ಮಂಡೂರಭಸ್ಮಗಳು ಕಬ್ಬಿಣವೇ ಎಂಬುದು ಆಯುರ್ವೇದ ಮಾತ್ರೆಯನ್ನು ಅದರ ಜೊತೆಗೇ ನುಂಗುವವರಿಗೆ ಹೊಳೆಯುವುದಿಲ್ಲ. ಮಾತ್ರೆ ನುಂಗಿದೊಡನೆ ಅಶ್ವಗಂಧದ ಹಾಲು ಕುಡಿಯುವುದೂ ಸರಿಯಲ್ಲ, ಹಾಲಿನಲ್ಲಿಯೂ ಕ್ಯಾಲ್ಸಿಯಂ ಇದೆ.

ಯಕೃತ್ತಿನ ವಿಷಯ ಒಂದೇ ಮಾತಿನಲ್ಲಿ: ಐಸ್‌ಲ್ಯಾಂಡ್ ಮತ್ತು ಅಮೆರಿಕದಿಂದ 2020ರಲ್ಲಿ ಅಶ್ವಗಂಧಕ್ಕೆ ಸಂಬಂಧಿಸಿದ ಐದು ಕಾಮಾಲೆ ಪ್ರಕರಣಗಳು ವರದಿಯಾಗಿವೆ, ಕಾರ್ಬಿಮಜೋಲ್ ಕೂಡ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಡುವ ಮಾತ್ರೆಯಾದ್ದರಿಂದ, ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಕಾರಣ ಹುಡುಕುವುದೇ ಕಷ್ಟವಾಗುತ್ತದೆ.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟು: ಕ್ಯಾಪ್ಸೂಲು ನಿಲ್ಲಿಸಿ, ಲೆವೊಥೈರಾಕ್ಸಿನ್ ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ಆರು ವಾರದ ಮೇಲೆ ಬೆಳಿಗ್ಗೆಯೇ ರಕ್ತ ಕೊಟ್ಟು ಟಿಎಸ್‌ಎಚ್ ನೋಡಿಸಿ, ವೈದ್ಯರ ಹತ್ತಿರ ಹೋಗುವಾಗ ಬಾಟಲಿಯನ್ನೂ ಒಯ್ಯಿರಿ. ಆರು ವಾರ ಏಕೆಂದರೆ ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ವಾರ ಹಿಡಿಯುತ್ತದೆ, ಟಿಎಸ್‌ಎಚ್ ಅದಕ್ಕೂ ನಿಧಾನವಾಗಿ ಹೊಂದಿಕೊಳ್ಳುತ್ತದೆ. ‘ಬೈದರೆ?’ ಎಂದು ಅವರು ಕೇಳಿದರು. ಬೈದರೂ ಪರವಾಗಿಲ್ಲ, ಹೇಳದೆ ಬಂದರೆ ವೈದ್ಯರು ಕೆಳಗಿಳಿದ ಟಿಎಸ್‌ಎಚ್ ನೋಡಿ ಮಾತ್ರೆಯನ್ನು 50ಕ್ಕೆ ಇಳಿಸುತ್ತಾರೆ, ಕ್ಯಾಪ್ಸೂಲು ಮುಗಿದ ಮೇಲೆ ನಿಮಗೆ ಮತ್ತೆ ಸುಸ್ತು ಶುರುವಾಗುತ್ತದೆ ಎಂದೆ.

ಬಾಟಲಿಯನ್ನು ತಿರುಗಿಸಿ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಅದರ ಮೇಲೆ ಆಯುರ್ವೇದ ಔಷಧಿಯ ತಯಾರಿಕಾ ಪರವಾನಗಿ ಸಂಖ್ಯೆ ಇದ್ದರೆ ಅದು ಔಷಧಿ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ. ಒಂದೇ ಸಾರ ಎರಡೂ ದಾರಿಯಲ್ಲಿ ಮಾರುಕಟ್ಟೆಗೆ ಬರುತ್ತದೆ. ಗಲಗಂಡವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ನಿಷಿದ್ಧ, ಆದ್ದರಿಂದಲೇ ಡಬ್ಬಿಗಳ ಮೇಲೆ ‘ಬೆಂಬಲ’, ‘ಸಮತೋಲನ’ ಎಂಬ ನುಣುಚಿಕೊಳ್ಳುವ ಪದಗಳಿರುತ್ತವೆ. ಎದೆಬಡಿತ ಏರಿ, ಕೈ ನಡುಗಿ, ತೂಕ ಇಳಿದು ಅಥವಾ ಕಣ್ಣು ಹಳದಿಯಾಗಿ ಸಂಶಯ ಬಂದರೆ, ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆಮಾಡಬಹುದು. ಆಯುರ್ವೇದ ಔಷಧಿಗಳಿಗೆಂದೇ ಆಯುಷ್ ಸಚಿವಾಲಯದ ಪ್ರತ್ಯೇಕ ವ್ಯವಸ್ಥೆಯೂ ಇದ್ದು, ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ವರದಿ ಮಾಡುವಾಗ ತಯಾರಕರ ಹೆಸರಿನ ಜೊತೆ ಬ್ಯಾಚ್ ಸಂಖ್ಯೆಯೂ ಬೇಕಾಗುತ್ತದೆ, ಹಾಗಾಗಿ ಕ್ಯಾಪ್ಸೂಲು ನಿಲ್ಲಿಸಿದರೂ ಬಾಟಲಿಯನ್ನು ಎಸೆಯಬೇಡಿ.